ಮಡಕೆಯ ಚೂರು ಮತ್ತು ಕಾಲಗಣನೆ

ಅಕ್ಷರವಿಲ್ಲದ ಕಾಲದ ಇತಿಹಾಸವನ್ನು ತಿಳಿಯುವುದು ಹೇಗೆ? ರಾಜರು ಶಾಸನಗಳನ್ನು ಬರೆಯಿಸಿದರು. ಅವರಿಗಿಂತ ಬಹು ಹಿಂದೆ ಕಾಳು ಬಿತ್ತಿ, ದನ ಸಾಕಿ ಬಾಳಿದ ಜನರು ಬಿಟ್ಟುಹೋದುದು ಕಲ್ಲುಕೊಡಲಿ, ಬೂದಿ ಮತ್ತು ಒಡೆದ ಮಡಕೆ ಮಾತ್ರ. ಮಡಕೆ ಬೇಗ ಒಡೆಯುತ್ತದೆ. ಆದರೆ ಅದರ ಚೂರು ಕೊಳೆಯುವುದಿಲ್ಲ. ಮೇಲಾಗಿ, ಅದನ್ನು ಮಾಡುವ ರೀತಿ ಕಾಲಕಾಲಕ್ಕೆ ಬದಲಾಗುತ್ತದೆ. ಆದುದರಿಂದ ಪ್ರಾಕ್ತನಶಾಸ್ತ್ರಜ್ಞರಿಗೆ ಅದು ಪಂಚಾಂಗವಿದ್ದಂತೆ.

ಇದಕ್ಕೆ ಉತ್ತಮ ನಿದರ್ಶನ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ. 1892ರಲ್ಲಿ ಬಿ. ಎಲ್. ರೈಸ್ ಅವರು ಅಶೋಕನ ಶಾಸನವನ್ನು ಕಂಡುಹಿಡಿದ ಸ್ಥಳವಿದು. 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಇಲ್ಲಿ ಉತ್ಖನನ ನಡೆಸಿದಾಗ ಮೂರು ಸಂಸ್ಕೃತಿಗಳು ಪದರ ಪದರವಾಗಿ ಕಂಡವು. ತಳದಲ್ಲಿ ಕಲ್ಲುಕೊಡಲಿಯ ಜನರು ಕೈಯಿಂದಲೇ ಮಾಡಿದ ಬೂದುಬಣ್ಣದ ಮಡಕೆ. ನಡುವೆ ಬೃಹತ್ ಶಿಲಾಸಮಾಧಿಗಳ ಜನರ, ಒಳಗೆ ಕಪ್ಪು ಹೊರಗೆ ಕೆಂಪಾದ ಮಡಕೆ. ಮೇಲೆ ಸಾತವಾಹನರ ಕಾಲದ, ಚಕ್ರದ ಮೇಲೆ ತಿರುಗಿಸಿದ ಮಡಕೆ.

ಕ್ರಮವೇನೋ ತಿಳಿಯಿತು, ವರ್ಷ ತಿಳಿಯುವುದು ಹೇಗೆ? ಮೇಲಿನ ಪದರದಲ್ಲಿ ಸಣ್ಣ ಗೀರುಗಳ ಸಾಲಿನಿಂದ ಅಲಂಕರಿಸಿದ ತಟ್ಟೆಯ ಚೂರುಗಳಿದ್ದವು. ಅದೇ ಬಗೆಯವು 1945ರಲ್ಲಿ ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿ ದೊರೆತಿದ್ದವು, ಅಲ್ಲಿಯೇ ಕ್ರಿ.ಶ. ಒಂದನೆಯ ಶತಮಾನದ ಆದಿಯ ಇಟಲಿಯ ಪಾತ್ರೆಗಳೂ ಸಿಕ್ಕಿದ್ದವು. ಇದನ್ನು ಆಧಾರವಾಗಿಟ್ಟು, ಕೆಳಮುಖವಾಗಿ ಎಣಿಸಿದ ವೀಲರ್ ಅವರು ಶಿಲಾಸಮಾಧಿಗಳ ಆರಂಭ ಕ್ರಿ.ಪೂ. 200 ಎಂದೂ, ಕಲ್ಲುಕೊಡಲಿಯ ವಸತಿಯ ಆರಂಭ ಕ್ರಿ.ಪೂ. ಒಂದನೆಯ ಸಹಸ್ರಮಾನದ ಮೊದಲ ಭಾಗವೆಂದೂ ಅಂದಾಜು ಮಾಡಿದರು.

ಚೂರುಗಳು ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಚೆನ್ನಾಗಿ ಹೇಳುತ್ತವೆ. ಎಷ್ಟು ವರ್ಷವೆಂಬುದನ್ನು ಅಷ್ಟು ಚೆನ್ನಾಗಿ ಹೇಳಲಾರವು. 1949ರಲ್ಲಿ ಲಿಬ್ಬಿ ಅವರು ಇಂಗಾಲ-14ರ ವಿಧಾನವನ್ನು ಪ್ರಕಟಿಸಿದರು. ಸತ್ತ ಜೀವಿಯಲ್ಲಿನ ಈ ಇಂಗಾಲ ಸುಮಾರು 5,730 ವರ್ಷಕ್ಕೆ ಅರ್ಧವಾಗುತ್ತದೆ. ಈ ಲೆಕ್ಕದಂತೆ ತೆಲಂಗಾಣದ ಉತ್ನೂರಿನ ಬೂದಿದಿಬ್ಬದ ಇದ್ದಿಲು ಕ್ರಿ.ಪೂ. 2000ಕ್ಕೂ ಹಿಂದಿನದು. ತುಂಗಭದ್ರೆಯ ದಡದ ಹಳ್ಳೂರಿನಲ್ಲಿ ಕಬ್ಬಿಣದ ಕಾಲವು ಕ್ರಿ.ಪೂ. 1000ದ ಸುಮಾರಿಗೆ ಹೋಯಿತು. ದಕ್ಷಿಣದ ನವಶಿಲಾಯುಗವನ್ನು ಈಗ ಸುಮಾರು ಕ್ರಿ.ಪೂ. 3000ದಿಂದ 1200ರವರೆಗೆ ಎನ್ನುತ್ತಾರೆ. ಬ್ರಹ್ಮಗಿರಿಯ ಕ್ರಮ ಉಳಿಯಿತು. ವರ್ಷಗಳು ಬಹಳ ಹಿಂದೆ ಸರಿದವು.

ಇನ್ನು ಮೂಲದ ಪ್ರಶ್ನೆ. ಬೂದುಬಣ್ಣದ ಮಡಕೆಗೂ ಇರಾನಿನ ಮಡಕೆಗೂ ಇರುವ ಹೋಲಿಕೆಯಿಂದ ಈ ಜನ ಹೊರಗಿನಿಂದ ಬಂದಿರಬಹುದೆಂದು ಊಹಿಸಿದವರುಂಟು. ಆದರೆ ಮಡಕೆಯ ಮಾದರಿ ಜನರಿಲ್ಲದೆಯೂ ಸಂಚರಿಸಬಲ್ಲದು. ನೋಡಿ ಕಲಿಯುವುದೂ ಉಂಟು. ಸಂಗನಕಲ್ಲು, ಹಳ್ಳೂರು ಮೊದಲಾದೆಡೆ ಮಣ್ಣನ್ನು ನೀರಿನಲ್ಲಿ ತೇಲಿಸಿ ಹೆಕ್ಕಿದ ಸುಟ್ಟ ಕಾಳುಗಳಲ್ಲಿ ಮುಖ್ಯವಾದವು ಹುರುಳಿ, ಹೆಸರು, ಕೊರಲೆ. ಇವು ಈ ದೇಶದ ಬೆಳೆಗಳೇ. ಆದುದರಿಂದ ಇಲ್ಲಿಯ ಬೇಸಾಯದ ಬೇರು ಬಹುಮಟ್ಟಿಗೆ ಇಲ್ಲಿಯದೇ ಎಂಬ ಅಭಿಪ್ರಾಯ ಬಲಗೊಂಡಿದೆ.

ನನ್ನ ಮನೆತನದಲ್ಲಿ ನನಗಿಂತ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರಿಲ್ಲ. ಹಿರಿಯರದು ಹೆಬ್ಬೆಟ್ಟಿನ ರುಜು. ಬರೆಯಲು ಬಾರದವರಿಗೂ ಇತಿಹಾಸವುಂಟೆಂದು ಈ ಚೂರುಗಳು ನನಗೆ ಕಲಿಸಿವೆ. ಆದರೆ ಬೂದಿದಿಬ್ಬಗಳು ಗೊಬ್ಬರಕ್ಕಾಗಿ ಅಗೆದು ಸಮತಟ್ಟಾಗುತ್ತಿವೆ, ಬೆಟ್ಟಗಳು ಜಲ್ಲಿಯಾಗುತ್ತಿವೆ. ಪದರ ಕಲಕಿದರೆ ಚೂರು ಮೂಕವಾಗುತ್ತದೆ. ಹಳ್ಳಿಗಳಿಂದ ಬಂದ ವಿದ್ಯಾರ್ಥಿಮಿತ್ರರು ತಮ್ಮ ಊರಿನ ದಿಬ್ಬಗಳನ್ನು ಒಮ್ಮೆ ನೋಡಲಿ. ಅಗೆಯದೆ, ಅಲ್ಲಿ ಏನಿದೆಯೆಂದು ಬಲ್ಲವರಿಗೆ ತಿಳಿಸಲಿ.