ಜ್ವರ ಇಳಿದರೂ ರಕ್ತ ತುಂಬಲು ದಿನ ಬೇಕು

ಉಣ್ಣೆಯಿಂದ ಹರಡುವ ಥೈಲೇರಿಯಾ, ಬೆಬಿಸಿಯಾ ರೋಗಗಳು ಮಿಶ್ರತಳಿ ಹಸುಗಳನ್ನು ಎಷ್ಟು ಸೊರಗಿಸುತ್ತವೆ ಎಂದು ನಿಮಗೆ ಗೊತ್ತು. ಡಾಕ್ಟರು ಇಂಜೆಕ್ಷನ್ ಕೊಟ್ಟರು, ಜ್ವರ ಇಳಿಯಿತು, ಹಸು ಮೇವಿಗೆ ಬಾಯಿ ಹಾಕಿತು. ಆದರೆ ಹಾಲು ಮೊದಲಿನಂತೆ ಇಲ್ಲ. "ಇನ್ನು ಇದು ಆಗಲ್ಲ, ಮಾರಿಬಿಡೋಣ" ಎಂಬ ಮಾತು ಮನೆಯಲ್ಲಿ ಏಳುವುದು ಆಗಲೇ. ಅದಕ್ಕೆ ತಲೆಯಾಡಿಸುವ ಮೊದಲು ಹಸುವಿನ ಎಲುಬಿನೊಳಗೆ ಏನು ನಡೆಯುತ್ತಿದೆ ನೋಡಿ.

ಈ ರೋಗಾಣುಗಳು ಕೆಂಪು ರಕ್ತಕಣಗಳ ಒಳಗೇ ಸೇರುತ್ತವೆ, ಕಣಗಳು ನಾಶವಾಗುತ್ತವೆ. ಮದ್ದು ರೋಗಾಣುವನ್ನು ಕೊಲ್ಲುತ್ತದೆಯೇ ಹೊರತು ಹೊಸ ಕಣ ಹುಟ್ಟಿಸುವುದಿಲ್ಲ. ಅದು ಎಲುಬಿನ ಮಜ್ಜೆಯ ಕೆಲಸ.

ಮಜ್ಜೆಯಲ್ಲಿರುವ ಎಳೆಯ ಕಣಕ್ಕೆ ಹೆಚ್ಚಿನ ಜೀವಕೋಶಗಳಂತೆ ಒಂದು ಕೋಶಕೇಂದ್ರ ಇರುತ್ತದೆ. ಬಲಿಯುವಾಗ ಕಣ ಅದನ್ನು ಹೊರದಬ್ಬುತ್ತದೆ. (ಕೋಳಿಯ ರಕ್ತಕಣ ಅದನ್ನು ಕೊನೆವರೆಗೂ ಇಟ್ಟುಕೊಳ್ಳುತ್ತದೆ; ಹಸುವಿನದೂ ನಮ್ಮದೂ ಹಾಗಲ್ಲ.) ವಿಚಿತ್ರವೆಂದರೆ, ಈ ಬಲಿಯುವ ಕೆಲಸಕ್ಕೆ ಕ್ಯಾಸ್ಪೇಸ್ ಎಂಬ ಕಿಣ್ವಗಳು ಬೇಕು. ಬೇರೆ ಕೋಶಗಳಲ್ಲಿ ಇವು ಕೆಲಸಕ್ಕಿಳಿದರೆ ಸಾಮಾನ್ಯವಾಗಿ ಆ ಕೋಶ ಸತ್ತಂತೆಯೇ. ಮನುಷ್ಯರ ಎಳೆಯ ರಕ್ತಕಣಗಳು ಸಾಯದೆಯೇ ಈ ಕಿಣ್ವಗಳನ್ನು ಬಳಸಿಕೊಳ್ಳುತ್ತವೆ ಎಂದು ಫ್ರಾನ್ಸ್‌ನ ವಿಜ್ಞಾನಿಗಳು 2001ರಲ್ಲಿ ತೋರಿಸಿದರು. ರಾಗಿ ಹೊಲದಲ್ಲಿ ಕಳೆಗೆ ಕುಡುಗೋಲು ಹಾಕುವಾಗ ಪೈರನ್ನು ಕೈಯಲ್ಲಿ ಮರೆಮಾಡುತ್ತೀರಲ್ಲ, ಹಾಗೆ ಕಣದೊಳಗಿನ ಒಂದು ಕಾವಲು ಪ್ರೋಟೀನು ಬೇಕಾದ ಭಾಗವನ್ನು ಕಾಯುತ್ತದೆ; ಇದು 2007ರಲ್ಲಿ ತಿಳಿಯಿತು. ಮೂತ್ರಪಿಂಡದಿಂದ ಬರುವ ರಕ್ತವರ್ಧಕ ಹಾರ್ಮೋನು ಕಡಿಮೆಯಾದರೆ ಕಾವಲು ತಪ್ಪುತ್ತದೆ, ಕಣ ಬಲಿಯುವ ಮೊದಲೇ ಸಾಯುತ್ತದೆ.

ಇಷ್ಟು ನಾಜೂಕಾದ ಕೆಲಸ ಒಂದೇ ರಾತ್ರಿಯಲ್ಲಿ ಮುಗಿಯದು. ಹೊಸ ಕಣಗಳು ರಕ್ತಕ್ಕೆ ಇಳಿಯಲು ಕೆಲವು ದಿನ, ಕೊರತೆ ತುಂಬಲು ವಾರಗಳು ಬೇಕು. ಆರೋಗ್ಯವಾಗಿರುವ ದೊಡ್ಡ ಹಸುವಿನ ರಕ್ತದಲ್ಲಿ ಎಳೆಯ ಕಣ ಕಾಣುವುದೇ ಇಲ್ಲ ಎನ್ನಬಹುದು. ರಕ್ತ ಕಡಿಮೆಯಾದ ಹಸುವಿನಲ್ಲಿ ಅವು ಕಂಡರೆ ಮಜ್ಜೆ ದುಡಿಯುತ್ತಿದೆ ಎಂದೇ ಅರ್ಥ. ಮಾರುವ ಮಾತು ಬಂದಾಗ ಮೊದಲು ರಕ್ತ ಪರೀಕ್ಷೆ ಮಾಡಿಸಿ, ಇದನ್ನು ಡಾಕ್ಟರಲ್ಲಿ ಕೇಳಿ.

ಮನೆಯಲ್ಲಿ ನೀವೇ ನೋಡಬಹುದಾದದ್ದು ಕಣ್ಣು. ಕೆಳರೆಪ್ಪೆ ಮೆಲ್ಲಗೆ ಎಳೆದು ಒಳಗಿನ ಬಣ್ಣ ವಾರಕ್ಕೆರಡು ಸಲ ನೋಡಿ. ಬಿಳಿಚಿದ್ದು ನಸುಗೆಂಪಿಗೆ ತಿರುಗುತ್ತಿದ್ದರೆ ಒಳ್ಳೆಯದು. ಬಿಳಿಚಿಯೇ ಇದ್ದರೆ, ಹಳದಿಯಾದರೆ, ಅಥವಾ ಮೂತ್ರ ಕಾಫಿ ಬಣ್ಣಕ್ಕೆ ಬಂದರೆ ಅಂದೇ ಡಾಕ್ಟರಿಗೆ ತಿಳಿಸಿ. ಅಲ್ಲಿಯವರೆಗೆ ಹಸುವನ್ನು ದೂರ ನಡೆಸಬೇಡಿ, ನೆರಳಲ್ಲೇ ಕಟ್ಟಿ. ರಕ್ತ ಕಡಿಮೆಯಿದ್ದಾಗ ಉಸಿರಿಗೇ ಕಷ್ಟ.

ಹಸಿರು ಮೇವು, ಹಿಂಡಿ, ಜೊತೆಗೆ ಖನಿಜ ಮಿಶ್ರಣ ತಪ್ಪಿಸಬೇಡಿ. ಅದರಲ್ಲಿನ ತಾಮ್ರ, ಕೋಬಾಲ್ಟ್ ಎರಡೂ ರಕ್ತಕ್ಕೆ ಬೇಕು. ಆದರೆ ಅಂಗಡಿಯವರು ಹೇಳಿದರೆಂದು ಕಬ್ಬಿಣದ ಟಾನಿಕ್ ಸುರಿಯಬೇಡಿ. ಒಡೆದ ಕಣಗಳ ಕಬ್ಬಿಣದ ಬಹುಪಾಲನ್ನು ದೇಹ ಮತ್ತೆ ಬಳಸಿಕೊಳ್ಳುತ್ತದೆ. ಕಬ್ಬಿಣ ಹೆಚ್ಚಾದರೆ ತಾಮ್ರ ಮೈಗೆ ಹತ್ತುವುದಿಲ್ಲ.

ಇನ್ನು ಕೊಟ್ಟಿಗೆ. ಉಣ್ಣೆ ಮೊಟ್ಟೆಯಿಡುವುದು ಹಸುವಿನ ಮೈಮೇಲಲ್ಲ, ಗೋಡೆಯ ಬಿರುಕು, ಗೋದಲಿಯ ಸಂದುಗಳಲ್ಲಿ. ಹಸುವಿಗೆ ಔಷಧಿ ಹಚ್ಚುವ ದಿನವೇ ಆ ಬಿರುಕುಗಳನ್ನೂ ಮುಚ್ಚಿಸಿ.