ಬೂಷ್ಟು ಹಿಡಿದ ಹುಲ್ಲು, ಕುದುರೆಯ ಉಬ್ಬಸ

ದೆಹಲಿಗೆ ಹೊಸದಾಗಿ ಬಂದ ನಮ್ಮವರು ನಿಂತು ನೋಡುವ ನೋಟಗಳಲ್ಲಿ ಮದುವೆಯ ಮೆರವಣಿಗೆಯ ಬಿಳಿಯ ಕುದುರೆಯೂ ಒಂದು. ಹಳೆಯ ದೆಹಲಿಯ ಟಾಂಗಾಗಳನ್ನು ನಗರಸಭೆ 2010–11ರಲ್ಲಿ ತೆಗೆಸಹೊರಟಿತು; ಆದರೆ ಮದುವೆಯ ಕುದುರೆ ಉಳಿದಿದೆ. ಮೇಲಿರುವ ವರನನ್ನು ಎಲ್ಲರೂ ನೋಡುತ್ತಾರೆ, ಕೆಳಗಿನ ಕುದುರೆಯ ಅಳ್ಳೆಯನ್ನು ನೋಡುವವರು ಕಡಮೆ. ಬ್ಯಾಂಡಿನವರು ನಿಂತಾಗ ಕುದುರೆಯೂ ನಿಲ್ಲುತ್ತದಷ್ಟೆ. ದಣಿವಿಲ್ಲದಿದ್ದರೂ ಅದರ ಹೊಳ್ಳೆ ಅರಳಿಯೇ ಇದ್ದರೆ, ಉಸಿರು ಬಿಡುವಾಗ ಹೊಟ್ಟೆ ಒಮ್ಮೆ ಕುಗ್ಗಿ ಮತ್ತೊಮ್ಮೆ ಒತ್ತಿದರೆ, ನಡುನಡುವೆ ಕೆಮ್ಮಿದರೆ, ಅದಕ್ಕೆ ಉಬ್ಬಸ ಹಿಡಿದಿರಬಹುದು. ಕಾರಣ ಬಹಳ ಸಲ ಅದು ತಿನ್ನುವ ಮೇವಿನಲ್ಲೇ ಇರುತ್ತದೆ.

ಕುದುರೆ ಬಾಯಿಯಿಂದ ಉಸಿರಾಡಲಾರದು. ಅದಕ್ಕೆ ಮೂಗೊಂದೇ ದಾರಿ. ಸುಮ್ಮನೆ ನಿಂತಿರುವಾಗ ನಿಮಿಷಕ್ಕೆ ಹತ್ತು ಹನ್ನೆರಡು ಸಲ, ಸಲಕ್ಕೆ ಸುಮಾರು 5 ಲೀಟರಿನಂತೆ ಗಾಳಿ ಎಳೆಯುತ್ತದೆ. ಅಂದರೆ ನಿಮಿಷಕ್ಕೆ ಮೂರು ನಾಲ್ಕು ಬಿಂದಿಗೆ. ನಾಗಾಲೋಟದಲ್ಲಿ ಇದು ಸಾವಿರ ಲೀಟರನ್ನೂ ಮೀರುತ್ತದೆ. ಇಷ್ಟು ಗಾಳಿ ಎಳೆಯುವ ಮೂಗು ದಿನದ ಬಹುಪಾಲು ಹೊತ್ತು ಹುಲ್ಲಿನೊಳಗೇ ಹುದುಗಿರುತ್ತದೆ.

ಹಳ್ಳಿಯಲ್ಲಿ ಬೆಳೆದವರಿಗೆ ಬಣವೆಯ ವಿಷಯ ಹೇಳಬೇಕಾಗಿಲ್ಲ. ಹಸಿ ಆರದ ಹುಲ್ಲನ್ನು ಒಟ್ಟಿದರೆ ಒಳಗೆ ಕಾವು ಹುಟ್ಟಿ, ಕೆಲವು ದಿನಕ್ಕೆ ಮುಗ್ಗಲು ವಾಸನೆ ಬರುತ್ತದೆ. ಹುಲ್ಲಿನಲ್ಲಿ ನೂರಕ್ಕೆ 20 ಪಾಲಿಗಿಂತ ಹೆಚ್ಚು ನೀರಿದ್ದರೆ ಬೂಷ್ಟು ಹಿಡಿಯುವುದು ಸುಲಭ. ಆ ಕಾವಿನಲ್ಲಿ ಆಸ್ಪರ್ಜಿಲಸ್ ಎಂಬ ಬೂಷ್ಟಿನ ಒಂದು ಜಾತಿ ಚೆನ್ನಾಗಿ ಬೆಳೆಯುತ್ತದೆ. ಅದರ ಬೀಜಕಣದ ಅಗಲ ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಪಾಲು ಮಾತ್ರ. ಮೂಗು, ಗಂಟಲು ತಡೆಯಲಾರದೆ ಅದು ಎದೆಯ ಆಳಕ್ಕೆ ಇಳಿಯುತ್ತದೆ. ದೆಹಲಿಯಲ್ಲಿ ಜುಲೈ ಕಳೆದ ಮೇಲೆ ಟಾರ್ಪಾಲಿನ ಕೆಳಗೆ ಬೆವರುವ ಗೋದಿಹೊಟ್ಟಿಗೂ ಇದೇ ಗತಿ.

ಕಣಗಳು ಇಳಿದಲ್ಲಿಗೆ ರಕ್ತದಿಂದ ನ್ಯೂಟ್ರೋಫಿಲ್ ಎಂಬ ಬಿಳಿಯ ಕಣಗಳು ಕಾವಲುಗಾರರಂತೆ ಧಾವಿಸುತ್ತವೆ. ಶ್ವಾಸಕೋಶವನ್ನು ಲವಣದ ನೀರಿನಿಂದ ತೊಳೆದು ಪರೀಕ್ಷಿಸಿದರೆ ಆರೋಗ್ಯದ ಕುದುರೆಯಲ್ಲಿ ಇವು ನೂರಕ್ಕೆ ಐದರ ಒಳಗೆ. ತೀವ್ರ ಉಬ್ಬಸದಲ್ಲಿ 25ಕ್ಕೂ ಮೇಲೆ. ಕಾವಲುಗಾರರ ಗಲಾಟೆಯಲ್ಲಿ ಮನೆಯೇ ಹಾಳಾಗುತ್ತದೆ: ಸಣ್ಣ ನಾಳಗಳ ಒಳಪದರ ಊದುತ್ತದೆ, ಲೋಳೆ ಕಟ್ಟುತ್ತದೆ, ಸುತ್ತಲ ಸ್ನಾಯು ಬಿಗಿಯುತ್ತದೆ. ಗಾಳಿ ಒಳಗೆ ಹೋದೀತು, ಹೊರಗೆ ಬರುವುದೇ ಕಷ್ಟ. ಇಂಗ್ಲೆಂಡಿನ ವೈದ್ಯ ಜಾನ್ ಫ್ಲಾಯರ್ ತಾನೂ ಉಬ್ಬಸದ ರೋಗಿ. 1698ರ ತನ್ನ ಗ್ರಂಥದಲ್ಲಿ, ಇಂಥದೊಂದು ಹೆಣ್ಣುಕುದುರೆಯನ್ನು ಕೊಯ್ದು ನೋಡಿ ಅದರ ಉಬ್ಬಿದ ಶ್ವಾಸಕೋಶವನ್ನು ವರ್ಣಿಸಿದ್ದಾನೆ.

ಶ್ವಾಸಕೋಶದ ಶಕ್ತಿಯನ್ನು ಅಳೆಯಲು ಮನುಷ್ಯನಿಗಾದರೆ ‘ಜೋರಾಗಿ ಊದಿ’ ಎನ್ನಬಹುದು. ಕುದುರೆಗೆ ಯಾರು ಹೇಳುವುದು? ಆದ್ದರಿಂದ ಮೂಗಿನ ಮೂಲಕ ಅನ್ನನಾಳಕ್ಕೆ ಸಣ್ಣ ಬಲೂನನ್ನು ಇಳಿಸಿ, ಉಸಿರಿಗೆ ಎಷ್ಟು ಒತ್ತಡ ಬೇಕಾಗುತ್ತದೆಂದು ನೋಡುತ್ತಾರೆ. ಆರೋಗ್ಯದಲ್ಲಿ ಅದು ಸುಮಾರು 5 ಸೆಂಟಿಮೀಟರ್ ಎತ್ತರದ ನೀರಿನಷ್ಟು. ಉಬ್ಬಸ ಕೆರಳಿದಾಗ 15ನ್ನು ದಾಟುತ್ತದೆ. ಒಂದೇ ಉಸಿರಿಗೆ ಮೂರು ಪಟ್ಟು ದುಡಿಮೆ!

ಊತವಿಳಿಸುವ ಸ್ಟೀರಾಯ್ಡು, ನಾಳ ಸಡಿಲಿಸುವ ಔಷಧಿ ಇವೆ. ಆದರೆ ಅದೇ ಹುಲ್ಲು ಮುಂದಿದ್ದರೆ ಔಷಧಿ ಮುಗಿದ ಬಳಿಕ ಕೆಮ್ಮು ತಿರುಗಿ ಬರುತ್ತದೆ. ಲಾಯಕ್ಕೆ ಕಿಟಕಿ ತೆಗೆದರೂ ಸಾಲದು; ಮೇವಿನ ಬಲೆಯನ್ನು ಮೂಗಿನ ಮಟ್ಟಕ್ಕೆ ಕಟ್ಟಿದ್ದರೆ ಅಲ್ಲಿಯ ದೂಳು ಲಾಯದ ಗಾಳಿಗಿಂತ ಎಷ್ಟೋ ದಟ್ಟ. ಬಯಲಿನ ಹಸಿ ಹುಲ್ಲಿಗೆ ಬಿಟ್ಟ ಕುದುರೆ ಹಲವು ವೇಳೆ ಕೆಲವೇ ವಾರಗಳಲ್ಲಿ ಸುಧಾರಿಸುತ್ತದೆ. ಬಯಲೆಲ್ಲಿದೆ ಈ ಊರಿನಲ್ಲಿ ಎಂದೀರಿ. ಹಾಗಾದರೆ ಹುಲ್ಲನ್ನು ಅರ್ಧ ಗಂಟೆ ನೆನೆಸಿ, ಬಸಿದು, ಒಣಗುವ ಮುಂಚೆ ತಿನ್ನಿಸಬೇಕು. ಕುದುರೆಯನ್ನು ಹೊರಗೆ ಕಟ್ಟಿದ ಮೇಲೆ ಕಸ ಗುಡಿಸಬೇಕು. ಬೂಷ್ಟು ಕಂಡ ಹುಲ್ಲನ್ನು ಮಾತ್ರ ನೆನೆಸಿಯೂ ಪ್ರಯೋಜನವಿಲ್ಲ, ಎಸೆಯಬೇಕು. ದಿನಗೂಲಿಯ ಸಯೀಸನಿಗೆ ಒಂದು ಮೂಟೆ ಎಸೆಯುವುದು ಸುಲಭವಲ್ಲವೆಂಬುದನ್ನು ನಾವು ಬಲ್ಲೆವು.

ಆ ಸಯೀಸನೂ ಅದೇ ದೂಳನ್ನು ಕುಡಿಯುತ್ತಾನೆ. ನಮ್ಮೂರಿನದೇ ಸಂಗತಿಯೊಂದುಂಟು. ದೆಹಲಿ ವಿಶ್ವವಿದ್ಯಾಲಯದ ಆವರಣದಲ್ಲಿರುವ ವಲ್ಲಭಭಾಯಿ ಪಟೇಲ್ ಎದೆರೋಗ ಸಂಸ್ಥೆಯ ಮೊದಲ ನಿರ್ದೇಶಕ ಡಾ. ಆರ್. ವಿಶ್ವನಾಥನ್ ಮತ್ತು ಸಂಗಡಿಗರು, ಮುಗ್ಗಿದ ಕಬ್ಬಿನ ಸಿಪ್ಪೆಯ ದೂಳಿನಿಂದ ಕಾರ್ಮಿಕರಿಗೆ ಬರುವ ರೋಗದಲ್ಲಿ ಶ್ವಾಸಕೋಶದ ಶಕ್ತಿ ಹೇಗೆ ಕುಂದುತ್ತದೆಂಬ ಅಧ್ಯಯನವನ್ನು 1963ರಲ್ಲಿ ಪ್ರಕಟಿಸಿದರು. ಅದು ಕುದುರೆಯ ಉಬ್ಬಸವಲ್ಲ; ನಾಳಗಳಿಗಿಂತ ಆಳದ ಗಾಳಿಗೂಡುಗಳನ್ನು ಹಿಡಿಯುವ ರೋಗ. ದೂಳು ಹೊಕ್ಕ ಕೆಲವು ಗಂಟೆಗಳ ಮೇಲೆ ಜ್ವರ, ಕೆಮ್ಮು, ಏದುಸಿರು ಬರುವುದರಿಂದ ಜನ ಅದನ್ನು ಸಾಮಾನ್ಯ ನೆಗಡಿಜ್ವರವೆಂದೇ ತಿಳಿಯುತ್ತಾರೆ.

ನಮ್ಮ ವಾಚಕರಲ್ಲಿ ಧಾನ್ಯದ ಗೋದಾಮಿನಲ್ಲಿ, ಹಳೆಯ ಕಡತಗಳ ಕೋಣೆಯಲ್ಲಿ ದುಡಿಯುವವರಿದ್ದಾರೆ. ಕೆಲಸದ ದಿನ ಎದೆ ಬಿಗಿದು ರಜದ ದಿನ ಹಗುರವಾಗುವುದಾದರೆ, ವೈದ್ಯರ ಮುಂದೆ ಕೆಮ್ಮನ್ನು ಹೇಳುವುದರ ಜೊತೆಗೆ ಕೆಲಸ ಎಂಥದು, ಕೋಣೆಯಲ್ಲಿ ಮುಗ್ಗಲು ವಾಸನೆ ಉಂಟೇ ಎಂಬುದನ್ನೂ ಅವರು ಕೇಳುವ ಮುಂಚೆಯೇ ಹೇಳಿಬಿಡಿ.