ನಕ್ಷೆಯಲ್ಲಿ ನಮ್ಮ ಬೀದಿ

ಊರು ಬೆಳೀತಾ ಇದೆ. ಮೊನ್ನೆ ರಾಗಿ ಹೊಲ ಇದ್ದ ಕಡೆ ಇವತ್ತು ಸೈಟಿನ ಕಲ್ಲು ನೆಟ್ಟಿದ್ದಾರೆ. ನಾಳೆ ಅಲ್ಲಿ ಮನೆ ಬರುತ್ತೆ. ಅಂಗಡಿ ಬರುತ್ತೆ. ಕಾರ್ಖಾನೆಯೂ ಬರಬಹುದು. ಯಾವುದು ಎಲ್ಲಿ ಬರಬೇಕು? ಹೇಳೋರು ಯಾರು?

ನಮ್ಮ ಮನೆಯನ್ನೇ ನೋಡೋಣ. ಒಲೆಗೆ ಒಂದು ಜಾಗ, ದನಕ್ಕೆ ಒಂದು ಜಾಗ ಮಾಡುತ್ತೇವೆ. ಬಾವಿ ಪಕ್ಕ ತಿಪ್ಪೆ ಹಾಕುವುದಿಲ್ಲ. ಊರಿಗೂ ಇಂಥ ಲೆಕ್ಕಾಚಾರ ಬೇಕು. ಅದಕ್ಕಾಗಿ ನಮ್ಮ ರಾಜ್ಯದಲ್ಲಿ ಒಂದು ಕಾಯ್ದೆ ಇದೆ. ಅದು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ.

ಈ ಕಾಯ್ದೆಯ ಪ್ರಕಾರ ಊರಿಗೊಂದು ದೊಡ್ಡ ನಕ್ಷೆ ಮಾಡುತ್ತಾರೆ. ಅದಕ್ಕೆ ಮಹಾಯೋಜನೆ ಎಂದು ಹೆಸರು. ಬೆಂಗಳೂರಿನ ನಕ್ಷೆಯಲ್ಲಿ ವಾಸದ ಜಾಗಕ್ಕೆ ಹಳದಿ ಬಣ್ಣ. ವ್ಯಾಪಾರಕ್ಕೆ ನೀಲಿ. ಕಾರ್ಖಾನೆಗೆ ನೇರಳೆ. ಪಾರ್ಕಿಗೆ ಹಸಿರು. ಒಂದೊಂದು ಬಣ್ಣದ ಜಾಗವೂ ಒಂದೊಂದು ವಲಯ. ಯಾವ ವಲಯದಲ್ಲಿ ಏನು ಕಟ್ಟಬಹುದು, ಎಷ್ಟು ಎತ್ತರ ಕಟ್ಟಬಹುದು, ಸುತ್ತ ಎಷ್ಟು ಜಾಗ ಬಿಡಬೇಕು ಎಂಬುದಕ್ಕೆ ನಿಯಮಗಳಿವೆ.

ಬಣ್ಣದಿಂದ ನಮಗೇನು ಲಾಭ ಅಂತೀರಾ? ಬೆಂಗಳೂರಿನ ಸದಾಶಿವನಗರದಲ್ಲಿ ಪಾರ್ಕಿಗೆ ಬಿಟ್ಟ ಜಾಗ ಇತ್ತು. ಅದನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟರು. ಅಲ್ಲಿನ ಜನ ಸುಮ್ಮನೆ ಕೂರಲಿಲ್ಲ. ಕೋರ್ಟಿಗೆ ಹೋದರು. ಪಾರ್ಕಿನ ಜಾಗ ಹೀಗೆ ಕೊಡುವ ಹಾಗಿಲ್ಲ ಎಂದು 1991ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಜಾಗ ಪಾರ್ಕಿಗೆಂದು ದಾಖಲೆಯಲ್ಲಿ ಇತ್ತು. ಆದ್ದರಿಂದ ಉಳಿಯಿತು.

ಆದರೆ ಹಳೆಯ ನಿಯಮ ಎಂದೆಂದಿಗೂ ಸಾಲದು. ಜನ ಹೆಚ್ಚುತ್ತಾರೆ. ನೀರು, ಚರಂಡಿ, ಶಾಲೆ, ಬಸ್ಸು ಎಲ್ಲವೂ ಹೆಚ್ಚು ಬೇಕು. ಹತ್ತು ವರ್ಷಕ್ಕೆ ಒಮ್ಮೆಯಾದರೂ ಮಹಾಯೋಜನೆಯನ್ನು ಪರಿಷ್ಕರಿಸಬೇಕು ಅಂತ ಕಾಯ್ದೆಯೇ ಹೇಳುತ್ತದೆ.

ಪರಿಷ್ಕರಿಸುವಾಗ ಎರಡು ಕಡೆಯೂ ನೋಡಬೇಕು. ನಿಯಮ ತೀರಾ ಬಿಗಿಯಾದರೆ, ಮನೆ ಮುಂದೆ ಸಣ್ಣ ಅಂಗಡಿ ಇಟ್ಟವಳಿಗೆ ಕಷ್ಟ. ಹೊಲಿಗೆ ಯಂತ್ರ ತುಳಿದು ಬದುಕುವವಳಿಗೂ ಕಷ್ಟ. ತೀರಾ ಸಡಿಲವಾದರೆ, ಪಕ್ಕದ ಸೈಟಿಗೇ ಬಣ್ಣದ ಕಾರ್ಖಾನೆ ಬಂದೀತು. ಅದರ ಕೊಳಕು ನಮ್ಮ ಕೊಳವೆ ಬಾವಿಗೆ ಇಳಿದೀತು. ಆಮೇಲೆ ದೂರದಿಂದ ನೀರು ಹೊರೋರು ಯಾರು? ನಾವೇ ತಾನೆ!

ನಕ್ಷೆ ಮೊದಲು ಕರಡಾಗಿ ಹೊರಬರುತ್ತದೆ. ಕರಡು ಎಂದರೆ ಇನ್ನೂ ತಿದ್ದಬಹುದಾದ ಬರಹ. 2017ರ ನವೆಂಬರಿನಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಹೊಸ ಕರಡು ಪ್ರಕಟಿಸಿತು. ಆಕ್ಷೇಪಣೆ ಹೇಳಲು ಜನರಿಗೆ 60 ದಿನ ಕೊಟ್ಟಿತ್ತು. ಸಾವಿರಾರು ಆಕ್ಷೇಪಣೆಗಳು ಬಂದವು. 2020ರಲ್ಲಿ ಸರ್ಕಾರ ಆ ಕರಡನ್ನು ಕೈಬಿಟ್ಟಿತು. 2007ರಲ್ಲಿ ಒಪ್ಪಿಗೆಯಾದ ನಕ್ಷೆಯೇ ಮುಂದುವರಿಯಿತು. ಕೇಳುವುದು ಮುಖ್ಯ. ಹಾಗೆಯೇ ಕಾಲಕ್ಕೆ ಸರಿಯಾಗಿ ಒಳ್ಳೆಯ ನಕ್ಷೆ ಬರುವುದೂ ಮುಖ್ಯ.

ನಮ್ಮೂರ ಕರಡು ಬಂದಾಗ ನಾವು ಹೀಗೆ ಮಾಡೋಣ:

1. ನಾಲ್ಕು ಜನ ಸೇರಿ ಕಛೇರಿಗೆ ಹೋಗೋಣ. ನಕ್ಷೆಯಲ್ಲಿ ನಮ್ಮ ಬೀದಿ ಎಲ್ಲಿದೆ, ಯಾವ ಬಣ್ಣ ಎಂದು ನೋಡೋಣ.

2. ಕೆರೆ, ರಾಜಕಾಲುವೆ, ಸ್ಮಶಾನ, ಆಟದ ಬಯಲು ನಕ್ಷೆಯಲ್ಲಿ ಇವೆಯೇ ಎಂದು ಹುಡುಕೋಣ.

3. ಕೊನೆಯ ದಿನಾಂಕ ಕೇಳಿ ಬರೆದುಕೊಳ್ಳೋಣ.

4. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತೆ. ಆಕ್ಷೇಪಣೆಯನ್ನು ಕಾಗದದಲ್ಲಿ ಬರೆಯೋಣ. ಸರ್ವೆ ನಂಬರು, ಬೀದಿ ಹೆಸರು, ಏನು ಬೇಕು, ಯಾಕೆ ಬೇಕು ಎಲ್ಲ ಬರೆದು ಸಹಿ ಹಾಕೋಣ.

5. ಒಂದು ಪ್ರತಿಯ ಮೇಲೆ ಕಛೇರಿಯ ಸೀಲು ಹಾಕಿಸಿ ಜೋಪಾನವಾಗಿ ಇಡೋಣ.

ಮಾತಾಡೋಣ, ಬರೆಯೋಣ

ನಮ್ಮ ಬಡಾವಣೆಗೆ ಮೊದಲು ಏನು ಬೇಕು? ಶಾಲೆಯೇ, ಸಂತೆಯೇ, ಆಟದ ಬಯಲೇ? ಏನು ಬೇಡ? ಚರ್ಚೆ ಮಾಡಿ ಐದು ಸಾಲು ಬರೆಯಿರಿ.